ಎಲ್ಡರ್ ಸ್ಕ್ರೋಲ್ಸ್ ಸರಣಿ: ಯಾವುದನ್ನು ಮೊದಲು ಆಡಬೇಕು, ಯಾವುದರಲ್ಲಿ ಏನಿದೆ? ಮೈಸೂರು–ಮಂಡ್ಯದ ಆಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಕತ್ತಿ, ಮಂತ್ರಗಳ ಕಾಲ್ಪನಿಕ ಲೋಕದಲ್ಲಿ ಮನಬಂದ ಕಡೆ ಸುತ್ತುವ ಈ ಕಂಪ್ಯೂಟರ್ ಆಟಗಳ ಸರಣಿ ಶುರುವಾಗಿ ಮೂವತ್ತು ವರ್ಷ ದಾಟಿದೆ. ಹೊಸಬರಲ್ಲಿ ಹೆಚ್ಚಿನವರು ಸ್ಕೈರಿಮ್ ಮೂಲಕ ಬರುತ್ತಾರೆ, ಆಮೇಲೆ ಹಳೆಯ ಆಟಗಳನ್ನು ತೆರೆದು ಅರ್ಧ ಗಂಟೆಯಲ್ಲಿ ಮುಚ್ಚಿಬಿಡುತ್ತಾರೆ. ಹಾಗೆ ಮುಚ್ಚುವುದಕ್ಕೆ ಕಾರಣ ಬಹಳ ಸಲ ಒಂದು ಚಿಕ್ಕ ಲೆಕ್ಕ ಗೊತ್ತಿಲ್ಲದಿರುವುದು, ಇಲ್ಲವೇ ಒಂದು ತಪ್ಪು ಸೆಟ್ಟಿಂಗ್. ಅದಕ್ಕೇ ಇಲ್ಲಿನ ಉತ್ತರಗಳಲ್ಲಿ ಲೆಕ್ಕವನ್ನೂ ಕೊಟ್ಟಿದೆ.

ಒಟ್ಟು ಎಷ್ಟು ಆಟಗಳಿವೆ?

ಮುಖ್ಯವಾದವು ಐದು: ಅರೀನಾ (1994), ಡ್ಯಾಗರ್‌ಫಾಲ್ (1996), ಮಾರೋವಿಂಡ್ (2002), ಅಬ್ಲಿವಿಯನ್ (2006), ಸ್ಕೈರಿಮ್ (2011). ಇವುಗಳ ಜೊತೆಗೆ ಆನ್‌ಲೈನ್ ಆಟವೊಂದು 2014ರಲ್ಲಿ ಬಂತು. ಸ್ಕೈರಿಮ್‌ನ ಸ್ಪೆಷಲ್ ಎಡಿಷನ್ 2016ರದ್ದು, ಆನಿವರ್ಸರಿ ಎಡಿಷನ್ 2021ರದ್ದು. ಅಬ್ಲಿವಿಯನ್ ಆಟವನ್ನೇ ಹೊಸ ಚಿತ್ರಗಳೊಂದಿಗೆ ಮರುರೂಪಿಸಿದ ಅಬ್ಲಿವಿಯನ್ ರೀಮಾಸ್ಟರ್ಡ್ 2025ರ ಏಪ್ರಿಲ್‌ನಲ್ಲಿ ಬಂತು. ಆರನೆಯ ಆಟವನ್ನು 2018ರಲ್ಲಿ ಒಂದು ಚಿಕ್ಕ ವಿಡಿಯೋ ಮೂಲಕ ಘೋಷಿಸಿದರು. ಅದಕ್ಕಾಗಿ ಕಾಯುತ್ತಾ ಇವುಗಳನ್ನು ಮುಂದಕ್ಕೆ ಹಾಕಬೇಡಿ.

ಹಾಗಾದರೆ ಯಾವುದರಿಂದ ಶುರು ಮಾಡಲಿ?

ಒಂದೇ ಒಂದನ್ನು ಆಡುವಷ್ಟು ಮಾತ್ರ ಸಮಯವಿದ್ದರೆ ಸ್ಕೈರಿಮ್ ಸ್ಪೆಷಲ್ ಎಡಿಷನ್ ತೆಗೆದುಕೊಳ್ಳಿ. ಮೂರನ್ನೂ ಆಡುವ ಮನಸ್ಸಿದ್ದರೆ ಮಾರೋವಿಂಡ್, ಅಬ್ಲಿವಿಯನ್, ಸ್ಕೈರಿಮ್, ಇದೇ ಕ್ರಮದಲ್ಲಿ ಹೋಗಿ. ಪ್ರತಿ ಹೊಸ ಆಟವೂ ಕೈಗೆ ಹಗುರವಾಗುತ್ತಾ, ಕಾಗದದ ಮೇಲಿನ ಲೆಕ್ಕವನ್ನು ಕಡಿಮೆ ಮಾಡುತ್ತಾ ಬಂದಿದೆ. ಹಗುರದ್ದಕ್ಕೆ ಒಗ್ಗಿಕೊಂಡ ಮೇಲೆ ಭಾರದ್ದಕ್ಕೆ ವಾಪಸ್ ಹೋಗುವುದು ಕಷ್ಟ.

ನಮ್ಮ ಮಟ್ಟಿಗೆ ಮೂರರಲ್ಲಿ ಮೇಲಾದ ಆಟ ಮಾರೋವಿಂಡ್. ಅದು ಎಲ್ಲರಿಗೂ ಹಿಡಿಸುತ್ತದೆ ಅಂತ ಹೇಳುವುದಿಲ್ಲ. ಓದುವ ಅಭ್ಯಾಸ, ನಿಧಾನಕ್ಕೆ ನಡೆಯುವ ತಾಳ್ಮೆ ಎರಡೂ ಬೇಕು.

ಹಳೆಯದನ್ನು ಆಡದೆ ಹೊಸದರ ಕಥೆ ಅರ್ಥ ಆಗತ್ತಾ?

ಆಗುತ್ತದೆ. ಪ್ರತಿ ಆಟದಲ್ಲೂ ನಾಯಕ ಬೇರೆ, ಪ್ರಾಂತ್ಯ ಬೇರೆ. ಮೊದಲ ನಾಲ್ಕು ಆಟಗಳು ಒಬ್ಬನೇ ಚಕ್ರವರ್ತಿಯ, ಅಂದರೆ ಏಳನೆಯ ಯೂರಿಯಲ್ ಸೆಪ್ಟಿಮ್‌ನ ಆಳ್ವಿಕೆಯಲ್ಲಿ ಶುರುವಾಗುತ್ತವೆ. ಮಾರೋವಿಂಡ್ ಮೂರನೇ ಯುಗದ 427ನೇ ವರ್ಷದ್ದು, ಅಬ್ಲಿವಿಯನ್ 433ರದ್ದು, ನಡುವೆ ಆರೇ ವರ್ಷ. ಸ್ಕೈರಿಮ್ ಮಾತ್ರ ಅಲ್ಲಿಂದ ಇನ್ನೂರು ವರ್ಷ ಮುಂದೆ, ನಾಲ್ಕನೇ ಯುಗದ 201ರಲ್ಲಿ ನಡೆಯುತ್ತದೆ.

ಆದರೂ ಕ್ರಮವಾಗಿ ಆಡಿದವರಿಗೆ ಸಿಗುವ ಒಂದು ಸುಖ ಇದೆ. ಮಾರೋವಿಂಡ್‌ನ ಬ್ಲಡ್‌ಮೂನ್ ವಿಸ್ತರಣೆಯಲ್ಲಿ ಸೋಲ್‌ಸ್ಥೈಮ್ ದ್ವೀಪದ ಕಾಡು, ಹಿಮ ಎಲ್ಲ ಸುತ್ತಿರುತ್ತೀರಿ. ಸ್ಕೈರಿಮ್‌ನ ಡ್ರ್ಯಾಗನ್‌ಬಾರ್ನ್ ವಿಸ್ತರಣೆಯಲ್ಲಿ ಅದೇ ದ್ವೀಪಕ್ಕೆ ಇಳಿದಾಗ ದಕ್ಷಿಣ ಭಾಗವೆಲ್ಲ ಬೂದಿ ಮುಚ್ಚಿಕೊಂಡಿರುತ್ತದೆ. ಪರಿಚಯದ ಊರು ಹಾಗಾಗಿರುವುದನ್ನು ನೋಡುವುದೇ ಬೇರೆ.

ಇನ್ನೊಂದು ವಿಶೇಷ: ಡ್ಯಾಗರ್‌ಫಾಲ್‌ಗೆ ಹಲವು ಅಂತ್ಯಗಳಿವೆ. ಮುಂದಿನ ಆಟ ಬರೆಯುವಾಗ ಅವುಗಳಲ್ಲಿ ಒಂದನ್ನು ನಿಜ, ಉಳಿದದ್ದು ಸುಳ್ಳು ಅನ್ನಲಿಲ್ಲ. ಆ ಹೊತ್ತಿನಲ್ಲಿ ಕಾಲವೇ ಒಡೆದು ಎಲ್ಲವೂ ಒಟ್ಟಿಗೆ ನಡೆದವು ಎಂದು ಕಥೆಯೊಳಗೇ ಸೇರಿಸಿಕೊಂಡರು.

ಮಾರೋವಿಂಡ್‌ನಲ್ಲಿ ಕತ್ತಿ ಎದುರಿನವನ ಮೈ ಮೇಲೇ ಬೀಳುತ್ತೆ, ಆದ್ರೂ ಏಟು ತಾಗಲ್ಲ. ಆಟ ಕೆಟ್ಟಿದೆಯಾ?

ಕೆಟ್ಟಿಲ್ಲ. ಜನ ಈ ಆಟ ಬಿಡುವುದು ಇದೊಂದೇ ಕಾರಣಕ್ಕೆ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಮಾರೋವಿಂಡ್‌ನಲ್ಲಿ ಪ್ರತಿ ಏಟಿಗೂ ತೆರೆಮರೆಯಲ್ಲಿ ದಾಳ ಉರುಳುತ್ತದೆ. ಆಯುಧದ ಸ್ಕಿಲ್‌ಗೆ ಅಜಿಲಿಟಿಯ (ಚುರುಕುತನ) ಐದನೇ ಒಂದು ಭಾಗ, ಲಕ್‌ನ ಹತ್ತನೇ ಒಂದು ಭಾಗ ಕೂಡಿಸಿ. ಬಂದದ್ದನ್ನು ದಣಿವಿನ ಗುಣಕದಿಂದ ಗುಣಿಸಿ. ಮೈಯ ಕಸುವು ತೋರಿಸುವ ಹಸಿರು ಪಟ್ಟಿ ಪೂರ್ತಿ ತುಂಬಿದ್ದರೆ ಗುಣಕ 1.25, ಪೂರ್ತಿ ಖಾಲಿಯಾದರೆ 0.75.

ಲಾಂಗ್ ಬ್ಲೇಡ್ (ಉದ್ದ ಕತ್ತಿ) ಸ್ಕಿಲ್ ಆರಿಸಿಕೊಳ್ಳದ ಒಬ್ಬ ಹೊಸಬನನ್ನು ತೆಗೆದುಕೊಳ್ಳಿ. ಸ್ಕಿಲ್ 5, ಅಜಿಲಿಟಿ 40, ಲಕ್ 40. 5 + 8 + 4 = 17. ದಣಿವಿಲ್ಲದಾಗ ನೂರಕ್ಕೆ 21 ಏಟು ತಾಗುತ್ತದೆ, ದಣಿದಾಗ 13 ಮಾತ್ರ. ಈಗ ರೆಡ್‌ಗಾರ್ಡ್ ಜನಾಂಗದವನನ್ನು ಆರಿಸಿ, ಲಾಂಗ್ ಬ್ಲೇಡ್ ಮೇಜರ್ (ಮುಖ್ಯ) ಸ್ಕಿಲ್ ಮಾಡಿ, ಕಾಂಬ್ಯಾಟ್ ಸ್ಪೆಷಲೈಸೇಷನ್ (ಯುದ್ಧದ ಒಲವು) ಕೊಡಿ: 30 + 15 + 5, ಒಟ್ಟು 50. ಅದಕ್ಕೆ 8, 4 ಸೇರಿದರೆ 62. ದಣಿವಿಲ್ಲದಾಗ 77, ದಣಿದಾಗ 46. ವಾರಿಯರ್ ಜನ್ಮರಾಶಿ ಆರಿಸಿದ್ದರೆ ಇದರ ಮೇಲೆ ಇನ್ನೂ ಹತ್ತು. ಇದರಿಂದ ಎದುರಾಳಿ ತಪ್ಪಿಸಿಕೊಳ್ಳುವ ಲೆಕ್ಕ ಕಳೆಯುತ್ತದೆ, ಆದರೆ ಶುರುವಿನ ಇಲಿ, ಏಡಿಗಳಿಗೆ ಅದು ಹೆಚ್ಚಿರುವುದಿಲ್ಲ.

ಅಂದರೆ ತಪ್ಪು ಆಗುವುದು ಎರಡು ಕಡೆ. ಒಂದು, ಆರಿಸಿದ ಸ್ಕಿಲ್ ಒಂದು, ಕೈಯಲ್ಲಿರುವ ಆಯುಧ ಇನ್ನೊಂದು. ಚಾಕು ಶಾರ್ಟ್ ಬ್ಲೇಡ್‌ಗೆ ಸೇರಿದ್ದು, ಉದ್ದ ಕತ್ತಿ ಲಾಂಗ್ ಬ್ಲೇಡ್‌ಗೆ, ಈಟಿ ಸ್ಪಿಯರ್‌ಗೆ. ಎರಡು, ಓಡಿಕೊಂಡು ಹೋಗಿ ಹೊಡೆಯುವುದು. ಈ ಆಟದಲ್ಲಿ ಓಟ ದಣಿವು ತರುತ್ತದೆ. ಶತ್ರು ಕಂಡ ಕೂಡಲೇ ನಿಲ್ಲಿ, ಹಸಿರು ಪಟ್ಟಿ ತುಂಬಲಿ, ಆಮೇಲೆ ನಡೆದುಕೊಂಡು ಹತ್ತಿರ ಹೋಗಿ.

ಅಬ್ಲಿವಿಯನ್‌ನಿಂದ ಮುಂದೆ ಈ ದಾಳ ಇಲ್ಲ. ಕತ್ತಿ ಮುಟ್ಟಿದರೆ ಏಟು ಬಿತ್ತು ಅಂತಲೇ. ಅಲ್ಲಿ ಸ್ಕಿಲ್ ತೀರ್ಮಾನಿಸುವುದು ಏಟಿನ ಬಲವನ್ನು.

ಮಾರೋವಿಂಡ್‌ನಲ್ಲಿ ದಾರಿ ತೋರಿಸೋ ಬಾಣದ ಗುರುತೇ ಇಲ್ಲ. ಹೇಗೆ ಹುಡುಕೋದು?

ಮಂಡ್ಯ ಸೀಮೆಯ ಹಳ್ಳಿಯಲ್ಲಿ ದಾರಿ ಕೇಳಿದ ಹಾಗೆ. "ನಾಲೆ ಏರಿ ಹಿಡ್ಕೊಂಡು ಹೋಗಿ, ಆಲೆಮನೆ ಸಿಕ್ತದೆ, ಅದು ದಾಟಿ ಎಡಕ್ಕೆ ತಿರುಗುದ್ರೆ ಅರಳೀಕಟ್ಟೆ" ಅಂತ ಹೇಳುತ್ತಾರಲ್ಲ, ಈ ಆಟದ ಜನರೂ ಹಾಗೇ ಹೇಳುತ್ತಾರೆ: ಸೇತುವೆ ದಾಟು, ಹೊಳೆ ಎಡಕ್ಕೆ ಬಿಡು, ಕವಲಿನಲ್ಲಿ ಪೂರ್ವಕ್ಕೆ ಹೋಗು. ಅವರ ಮಾತು ಜರ್ನಲ್‌ನಲ್ಲಿ ಉಳಿಯುತ್ತದೆ. ಕೆಲವು ಕಡೆ ಹೇಳಿದ ದಿಕ್ಕು ಅಸ್ಪಷ್ಟವಾಗಿರುತ್ತದೆ. ಆಗ ದಾರಿಯ ಪಕ್ಕದ ಕೈಮರದ ಹತ್ತಿರ ನಿಂತು ಅದರಲ್ಲಿರುವ ಊರಿನ ಹೆಸರು ಓದಿಕೊಳ್ಳಿ.

ಅಬ್ಲಿವಿಯನ್, ಸ್ಕೈರಿಮ್‌ಗಳಲ್ಲಿ ಬಾಣದ ಗುರುತು ಬಂತು. ಅನುಕೂಲವೇನೋ ನಿಜ, ಕಳೆದುಕೊಂಡದ್ದೂ ನಿಜ. ಸ್ಕೈರಿಮ್‌ನ ಎಷ್ಟೋ ಕ್ವೆಸ್ಟ್‌ಗಳಲ್ಲಿ (ಆಟದಲ್ಲಿ ಒಪ್ಪಿಸುವ ಕೆಲಸಗಳು) ಜಾಗ ಎಲ್ಲಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದೇ ಇಲ್ಲ. ಗುರುತು ಆಫ್ ಮಾಡಿದರೆ ಹುಡುಕಲು ಸುಳಿವೇ ಉಳಿಯುವುದಿಲ್ಲ.

ಎಲ್ಲ ಕಡೆಗೂ ನಡೆಯಬೇಕಾಗಿಯೂ ಇಲ್ಲ. ಸಿಲ್ಟ್ ಸ್ಟ್ರೈಡರ್ ಎಂಬ ದೈತ್ಯ ಹುಳ ಊರಿಂದ ಊರಿಗೆ ನಮ್ಮ ಬಸ್ಸಿನ ಹಾಗೆ ಗೊತ್ತಾದ ದಾರಿಯಲ್ಲಿ ಹೋಗುತ್ತದೆ. ಕರಾವಳಿ ಊರುಗಳಿಗೆ ದೋಣಿ, ಮೇಜಸ್ ಗಿಲ್ಡ್ ಎಂಬ ಮಂತ್ರವಾದಿಗಳ ಸಂಘದ ಮನೆಗಳ ನಡುವೆ ಮಂತ್ರದ ಸಾಗಣೆ. ಮಾರ್ಕ್, ರಿಕಾಲ್ ಎಂಬ ಮಂತ್ರಗಳ ಜೋಡಿ ಕಲಿತರೆ ಗುರುತು ಹಾಕಿದ ಜಾಗಕ್ಕೆ ಎಲ್ಲಿಂದಲಾದರೂ ಮರಳಬಹುದು.

ಅಬ್ಲಿವಿಯನ್‌ನಲ್ಲಿ ಲೆವೆಲ್ ಏರಿದಷ್ಟೂ ನಾನೇ ದುರ್ಬಲ ಆಗ್ತಿದ್ದೀನಿ. ಯಾಕೆ?

2006ರ ಮೂಲ ಆಟದ ದೊಡ್ಡ ದೋಷ ಇದು. ನಿಮ್ಮ ಲೆವೆಲ್ ಏರಿದ ಹಾಗೆ ಜಗತ್ತಿನ ಶತ್ರುಗಳೂ ಏರುತ್ತಾರೆ. ಮೊದಲು ತೊಗಲಿನ ಅಂಗಿ ತೊಟ್ಟಿದ್ದ ದಾರಿಗಳ್ಳ ಮುಂದೆ ಸಾವಿರಾರು ಚಿನ್ನದ ನಾಣ್ಯ ಬೆಲೆಬಾಳುವ ಗ್ಲಾಸ್ ಆರ್ಮರ್ ತೊಟ್ಟು ಬಂದು, ಆಗಲೂ ನೂರು ನಾಣ್ಯ ಕೊಡು ಎಂದು ದಾರಿ ಅಡ್ಡಗಟ್ಟುತ್ತಾನೆ.

ತೊಂದರೆ ಹೀಗಾಗುತ್ತದೆ. ಏಳು ಮೇಜರ್ ಸ್ಕಿಲ್‌ಗಳಲ್ಲಿ ಒಟ್ಟು ಹತ್ತು ಏರಿಕೆಯಾದರೆ ಒಂದು ಲೆವೆಲ್. ಆ ಹೊತ್ತಿಗೆ ಮೂರು ಗುಣಗಳನ್ನು ಏರಿಸಿಕೊಳ್ಳಬಹುದು. ಒಂದು ಗುಣದಡಿ ಬರುವ ಸ್ಕಿಲ್‌ಗಳು ಆ ಲೆವೆಲ್‌ನಲ್ಲಿ ಒಮ್ಮೆಯೂ ಏರದಿದ್ದರೆ ಗುಣಕ್ಕೆ ಸಿಗುವುದು 1. ಏರಿಕೆ 1ರಿಂದ 4 ಇದ್ದರೆ 2, 5ರಿಂದ 7 ಇದ್ದರೆ 3, 8–9 ಇದ್ದರೆ 4, ಹತ್ತು ಮುಟ್ಟಿದರೆ 5. ಜಿಗಿಯುವುದು, ವ್ಯಾಪಾರ, ಮಾತುಗಾರಿಕೆಯನ್ನು ಮೇಜರ್ ಮಾಡಿಕೊಂಡರೆ ಯುದ್ಧ ಕಲಿಯದೆಯೇ ಲೆವೆಲ್ ಏರಿಬಿಡುತ್ತದೆ. ಶತ್ರುಗಳು ಬಲಿಯುತ್ತಾರೆ, ನೀವು ಬಲಿತಿರುವುದಿಲ್ಲ.

ಪರಿಹಾರಗಳಲ್ಲಿ ಮೊದಲನೆಯದು ಮೇಜರ್ ಸ್ಕಿಲ್‌ಗಳನ್ನು ಆರಿಸುವಾಗಲೇ ಇದೆ: ತಾನಾಗಿ ಏರುವ ಅಥ್ಲೆಟಿಕ್ಸ್ (ಓಟ), ಅಕ್ರೋಬ್ಯಾಟಿಕ್ಸ್ (ಜಿಗಿತ) ಬಿಟ್ಟುಬಿಡಿ. ಎಂಡ್ಯೂರೆನ್ಸ್ (ತಾಳಿಕೆ) ಎಂಬ ಗುಣವನ್ನು ಎಲ್ಲಕ್ಕಿಂತ ಮೊದಲು ಏರಿಸಿ. ಪ್ರತಿ ಲೆವೆಲ್‌ಗೂ ಆರೋಗ್ಯ ಏರುವುದು ಆಗಿನ ಎಂಡ್ಯೂರೆನ್ಸ್‌ನ ಹತ್ತನೇ ಒಂದು ಭಾಗ, ತಡವಾಗಿ ಏರಿಸಿದರೆ ಹಿಂದಿನ ಲೆವೆಲ್‌ಗಳ ಬಾಕಿ ಸಿಗುವುದಿಲ್ಲ. ಮಾರೋವಿಂಡ್‌ಗೂ ಇದೇ ನಿಯಮ. ಕ್ವಾಚ್ ಊರಿನ ಬೆಂಕಿಯ ದ್ವಾರವನ್ನು ಲೆವೆಲ್ ಕಡಿಮೆ ಇರುವಾಗಲೇ ಮುಚ್ಚಿ, ಆಗ ಒಳಗೆ ಚಿಕ್ಕ ಸ್ಕ್ಯಾಂಪ್‌ಗಳೇ ಹೆಚ್ಚು. ಹಾಸಿಗೆಯಲ್ಲಿ ಮಲಗದೆ ಲೆವೆಲ್ ಏರುವುದಿಲ್ಲವಾದ್ದರಿಂದ ಬೇಕೆಂದೇ ಮಲಗದೆ ಆಡುವವರೂ ಇದ್ದಾರೆ. ಆದರೆ ಡೇಡ್ರಾ ಎಂಬ ಶಕ್ತಿಗಳು ಒಪ್ಪಿಸುವ ಕೆಲವು ಕ್ವೆಸ್ಟ್‌ಗಳು ಲೆವೆಲ್ ಕೇಳುತ್ತವೆ, ಕ್ಲಾವಿಕಸ್ ವೈಲ್‌ನದಕ್ಕೆ 20 ಬೇಕು.

ರೀಮಾಸ್ಟರ್ಡ್‌ನಲ್ಲಿ ಈ ಗೋಳು ಬಹಳ ಮಟ್ಟಿಗೆ ತಪ್ಪಿದೆ. ಪ್ರತಿ ಲೆವೆಲ್‌ಗೂ 12 ಅಂಕ ಸಿಗುತ್ತದೆ, ಮೂರು ಗುಣಗಳಿಗೆ ಹಂಚಬಹುದು, ಒಂದಕ್ಕೆ ಹೆಚ್ಚೆಂದರೆ 5. ಮೈನರ್ ಸ್ಕಿಲ್‌ಗಳೂ ಲೆವೆಲ್ ಲೆಕ್ಕಕ್ಕೆ ಬರುತ್ತವೆ.

ಹಾಗಾದ್ರೆ ಹಳೆ ಅಬ್ಲಿವಿಯನ್ ಬೇಡ, ರೀಮಾಸ್ಟರ್ಡ್ ಸಾಕಲ್ವಾ?

ನಿಮ್ಮ ಯಂತ್ರ ತಡೆದರೆ ಸಾಕು. 125 ಜಿಬಿ ಜಾಗ ಬೇಕು, ಅದೂ ಎಸ್‌ಎಸ್‌ಡಿಯಲ್ಲಿ. ಕನಿಷ್ಠ 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1070 ಟಿಐ ಮಟ್ಟದ ಗ್ರಾಫಿಕ್ಸ್ ಕಾರ್ಡ್. ಒಳಗಿನ ಲೆಕ್ಕಾಚಾರವನ್ನು ಹಳೆಯ ಎಂಜಿನ್ನೇ ನಡೆಸುತ್ತದೆ, ಮೇಲಿನ ಚಿತ್ರವನ್ನು ಅನ್‌ರಿಯಲ್ ಎಂಜಿನ್ 5 ಬಿಡಿಸುತ್ತದೆ. ಬಯಲಿನಲ್ಲಿ ಓಡಾಡುವಾಗ ತಡವರಿಸುತ್ತದೆ.

ಡೌನ್‌ಲೋಡ್ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. 30 ಎಂಬಿಪಿಎಸ್ ಬ್ರಾಡ್‌ಬ್ಯಾಂಡ್‌ನಲ್ಲಿ ಎಲ್ಲೂ ನಿಲ್ಲದೆ ಬಂದರೂ ಒಂಬತ್ತು ಗಂಟೆಗೂ ಹೆಚ್ಚು. ದಿನಕ್ಕೆ 2 ಜಿಬಿ ಮೊಬೈಲ್ ಡೇಟಾ ನಂಬಿಕೊಂಡರೆ ಎರಡು ತಿಂಗಳು. ಹಳ್ಳಿಯಲ್ಲಿರುವವರು ಮೈಸೂರಿನಲ್ಲಿ ಓದುವ ಸ್ನೇಹಿತರ ಮನೆಯಲ್ಲಿ ಡೌನ್‌ಲೋಡ್ ಮಾಡಿಕೊಂಡು, ಆಟ ಮಾರುವ ಸ್ಟೀಮ್ ತಂತ್ರಾಂಶದ ಸ್ಟೀಮ್‌ಆ್ಯಪ್ಸ್ ಫೋಲ್ಡರ್‌ನಿಂದ ಆಟದ ಫೋಲ್ಡರನ್ನು ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ ತರಬಹುದು. ಮನೆಯಲ್ಲಿ ಅದೇ ಜಾಗಕ್ಕೆ ಹಾಕಿ, ನಿಮ್ಮ ಖಾತೆಯಿಂದ ಇನ್‌ಸ್ಟಾಲ್ ಒತ್ತಿದರೆ ಇರುವ ಕಡತಗಳನ್ನು ಪರೀಕ್ಷಿಸಿ, ಕೊರತೆ ಇದ್ದದ್ದನ್ನು ಮಾತ್ರ ಇಳಿಸಿಕೊಳ್ಳುತ್ತದೆ. ಆಟವನ್ನು ನಿಮ್ಮ ಖಾತೆಯಲ್ಲಿ ಕೊಂಡಿರಬೇಕು, ಅಷ್ಟೆ.

ಸ್ಕೈರಿಮ್ ಬರೋ ಹೊತ್ತಿಗೆ ಏನೇನು ಹೋಯ್ತು?

ಸ್ಕಿಲ್‌ಗಳು 27ರಿಂದ 21ಕ್ಕೆ, ಅಲ್ಲಿಂದ 18ಕ್ಕೆ ಇಳಿದವು. ಈಟಿ ಮಾರೋವಿಂಡ್‌ಗೇ ಮುಗಿಯಿತು. ಎಡ ಭುಜ, ಬಲ ಭುಜ, ಎಡಗೈ, ಬಲಗೈ ಎಂದು ಬೇರೆ ಬೇರೆಯಾಗಿ ಕವಚ ತೊಡುವುದೂ ಅಲ್ಲಿಗೇ ನಿಂತಿತು. ಗಾಳಿಯಲ್ಲಿ ತೇಲುವ ಮಂತ್ರ ಅಬ್ಲಿವಿಯನ್‌ನಲ್ಲೇ ಇಲ್ಲ: ಊರುಗಳನ್ನು ಬೇರೆಯ ಜಾಗವಾಗಿ ಲೋಡ್ ಮಾಡುವುದರಿಂದ ಗೋಡೆ ಹಾರಿ ಒಳಗೆ ಬಂದರೆ ಅಲ್ಲಿ ನಿಜವಾದ ಊರು ಇರುವುದಿಲ್ಲ. ಸ್ವಂತ ಮಂತ್ರ ಹೆಣೆಯುವ ಅವಕಾಶ ಸ್ಕೈರಿಮ್‌ನಲ್ಲಿ ಹೋಯಿತು. ನಮಗೆ ಹೆಚ್ಚು ಬೇಸರ ತಂದದ್ದು ಇದೇ.

ಮಾರೋವಿಂಡ್‌ನಲ್ಲಿ ಕಥೆಗೆ ಬೇಕಾದವರನ್ನೂ ಕೊಲ್ಲಬಹುದು. ಕೊಂದರೆ ಕಥೆಯ ಎಳೆ ಕಡಿಯಿತು ಎಂದು ಎಚ್ಚರಿಸಿ, ಬೇಕಿದ್ದರೆ ಹಾಗೇ ಮುಂದುವರಿ ಅನ್ನುತ್ತದೆ. ಮುಂದಿನ ಎರಡರಲ್ಲಿ ಅಂಥವರು ಕುಸಿದು ಬಿದ್ದು ಮತ್ತೆ ಏಳುತ್ತಾರೆ.

ಬಂದದ್ದೂ ಇದೆ. ವಿಶೇಷ ಶಕ್ತಿಗಳನ್ನು ಒಂದೊಂದಾಗಿ ಆರಿಸಿಕೊಳ್ಳುವ ಪರ್ಕ್ ಮರಗಳು, ಎರಡು ಕೈಗೆ ಎರಡು ಮಂತ್ರ, ಕಮ್ಮಾರಿಕೆ. ಗುಹೆ, ಕೋಟೆಗಳ ಒಳವಿನ್ಯಾಸ ಅಬ್ಲಿವಿಯನ್‌ಗಿಂತ ಎಷ್ಟೋ ಚೆಂದ. ಅಲ್ಲಿ ಒಂದೇ ತುಂಡುಗಳನ್ನು ಮತ್ತೆ ಮತ್ತೆ ಜೋಡಿಸಿದ್ದು ಕಣ್ಣಿಗೆ ಹೊಡೆಯುತ್ತದೆ.

ಸ್ಕೈರಿಮ್‌ನಲ್ಲಿ ಹೊಸಬರು ಮಾಡೋ ತಪ್ಪು ಯಾವುದು?

ಪರ್ಕ್‌ಗಳನ್ನು ಎಲ್ಲ ಕಡೆ ಚೆಲ್ಲುವುದು. ಲೆವೆಲ್‌ಗೆ ಒಂದೇ ಪರ್ಕ್. ಒಂದು ಆಯುಧ, ಒಂದು ರಕ್ಷಣೆ, ಒಂದು ಕಸುಬು, ಇಷ್ಟಕ್ಕೆ ಮೊದಲ ಇಪ್ಪತ್ತನ್ನು ಇಟ್ಟುಕೊಳ್ಳಿ. ಕಬ್ಬಿಣದ ಚಾಕು ಮಾಡಿ ಮಾಡಿ ಕಮ್ಮಾರಿಕೆ ಏರಿಸುವ ಹಳೆಯ ಉಪಾಯ ಈಗ ನಡೆಯುವುದಿಲ್ಲ, 1.5 ಪ್ಯಾಚ್ ನಂತರ ವಸ್ತುವಿನ ಬೆಲೆಯ ಮೇಲೆ ಅನುಭವ ಸಿಗುತ್ತದೆ. ವೈಟ್‌ರನ್‌ನ ಉತ್ತರಕ್ಕಿರುವ ಹಾಲ್ಟೆಡ್ ಸ್ಟ್ರೀಮ್ ಕ್ಯಾಂಪ್‌ನಲ್ಲಿ ಟ್ರಾನ್ಸ್‌ಮ್ಯೂಟ್ ಮಂತ್ರದ ಪುಸ್ತಕವಿದೆ. ಅದು ಕಬ್ಬಿಣದ ಅದಿರನ್ನು ಬೆಳ್ಳಿಗೆ, ಬೆಳ್ಳಿಯನ್ನು ಚಿನ್ನಕ್ಕೆ ಒಂದೊಂದಾಗಿ ತಿರುಗಿಸುತ್ತದೆ. ಆ ಚಿನ್ನದಿಂದ ಒಡವೆ ಮಾಡಿ.

ಯಾವುದರ ನಕ್ಷೆ ದೊಡ್ಡದು?

ಡ್ಯಾಗರ್‌ಫಾಲ್‌ನದು, ಬಹಳ ದೊಡ್ಡದು: ಸುಮಾರು 1,61,600 ಚದರ ಕಿಲೋಮೀಟರ್ ಎಂಬ ಲೆಕ್ಕವಿದೆ. ಇಡೀ ಕರ್ನಾಟಕ 1,91,791. ಆದರೆ ಡ್ಯಾಗರ್‌ಫಾಲ್‌ನ ನೆಲ ಬಹುಪಾಲು ಕಂಪ್ಯೂಟರ್ ತಾನೇ ಹುಟ್ಟಿಸಿದ್ದು. ಕೈಯಿಂದ ಕಟ್ಟಿದ ಸ್ಕೈರಿಮ್ ಸುಮಾರು 37 ಚದರ ಕಿಲೋಮೀಟರ್, ಚೌಕ ಮಾಡಿದರೆ ಬದಿಗೆ ಆರು ಕಿಲೋಮೀಟರ್. ಮೈಸೂರು ಅರಮನೆಯಿಂದ ಶ್ರೀರಂಗಪಟ್ಟಣದ ಅರ್ಧ ದಾರಿಯೂ ಆಗುವುದಿಲ್ಲ. ಆದರೂ ಆಡುವಾಗ ದೊಡ್ಡ ದೇಶ ಅನ್ನಿಸುವುದು ಬೆಟ್ಟಗಳನ್ನು ಅಡ್ಡ ಇಟ್ಟು ದಾರಿ ಸುತ್ತಿಸಿರುವುದರಿಂದ. ಅಲ್ಲಿನ ಹೈ ಹ್ರಾತ್‌ಗರ್ ಮಠಕ್ಕೆ ಏಳು ಸಾವಿರ ಮೆಟ್ಟಿಲು ಎನ್ನುತ್ತಾರೆ, ಎಣಿಸಿದರೆ ಸಾವಿರವೂ ಸಿಗುವುದಿಲ್ಲ. ನಮ್ಮ ಚಾಮುಂಡಿ ಬೆಟ್ಟಕ್ಕೇ ಸಾವಿರದ ಮೇಲಿವೆ. ಈ ಅಳತೆಗಳನ್ನು ಹಾಗೆ ಕುಗ್ಗಿಸಿದ್ದೇ ಸರಿ, ಇಲ್ಲದಿದ್ದರೆ ಯಾರೂ ಹತ್ತುತ್ತಿರಲಿಲ್ಲ.

ಸಾಧಾರಣ ಕಾಲೇಜು ಲ್ಯಾಪ್‌ಟಾಪ್‌ನಲ್ಲಿ ಯಾವುದು ಓಡತ್ತೆ?

ಮಾರೋವಿಂಡ್ ಯಾವುದರಲ್ಲಾದರೂ ಓಡುತ್ತದೆ. ಮೂಲ ಆಟ ಕೊಂಡು, ಓಪನ್‌ಎಂಡಬ್ಲ್ಯೂ ಎಂಬ ಉಚಿತ ಎಂಜಿನ್ ಹಾಕಿ, ಅದಕ್ಕೆ ಆಟದ ಡೇಟಾ ಫೈಲ್ಸ್ ಫೋಲ್ಡರ್ ತೋರಿಸಿ. ಆಂಡ್ರಾಯ್ಡ್ ಫೋನಿಗೂ ಇದು ಬರುತ್ತದೆ. ಹಳೆಯ ಅಬ್ಲಿವಿಯನ್ ಕೂಡ ಸಲೀಸು. ಆದರೆ 32 ಬಿಟ್ ಆಟವಾದ್ದರಿಂದ 2 ಜಿಬಿ ಮೆಮೊರಿ ಮೀರಿದರೆ ಮುಚ್ಚಿಕೊಳ್ಳುತ್ತದೆ, 4 ಜಿಬಿ ಪ್ಯಾಚ್ ಹಾಕಿದರೆ ಈ ಕಾಟ ಕಡಿಮೆಯಾಗುತ್ತದೆ. ಸ್ಕೈರಿಮ್ ಸ್ಪೆಷಲ್ ಎಡಿಷನ್‌ಗೆ 12 ಜಿಬಿ ಜಾಗ, 8 ಜಿಬಿ ರ‍್ಯಾಮ್ ಬೇಕು. ಬೇರೆ ಕಾರ್ಡ್ ಇಲ್ಲದ ಈಚಿನ ಲ್ಯಾಪ್‌ಟಾಪ್‌ನಲ್ಲಿ 720ಪಿ, ಲೋ ಸೆಟ್ಟಿಂಗ್ ಇಟ್ಟು ಆಡಬಹುದು.

ಸ್ಕೈರಿಮ್ ಶುರುವಲ್ಲೇ ಗಾಡಿ ಪಲ್ಟಿ ಹೊಡೆದು ಆಕಾಶಕ್ಕೆ ಹಾರ್ತಿದೆ!

ನಿಮ್ಮ ಪರದೆ 120 ಅಥವಾ 144 ಹರ್ಟ್ಸ್‌ನದು. ಈ ಆಟದ ಭೌತಿಕ ಲೆಕ್ಕ ಸೆಕೆಂಡಿಗೆ 60 ಫ್ರೇಮ್‌ಗೆ ಕಟ್ಟಿಬಿದ್ದಿದೆ. ಗ್ರಾಫಿಕ್ಸ್ ಕಾರ್ಡಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸ್ಕೈರಿಮ್‌ಗೆ ಮಾತ್ರ 60ರ ಮಿತಿ ಹಾಕಿ, ಹೊಸ ಆಟ ಶುರು ಮಾಡಿ.

ಮಾಡ್‌ಗಳನ್ನ ಹಾಕಿದ್ಮೇಲೆ ಆಟವೇ ತೆರೆಯಲ್ಲ.

ಮಾಡ್ ಅಂದರೆ ಆಟಗಾರರೇ ಮಾಡಿ ಹಂಚುವ ಸೇರ್ಪಡೆ. ಸ್ಕೈರಿಮ್‌ನಲ್ಲಿ ಹೆಚ್ಚಿನ ಸಲ ಕಾರಣ ಒಂದೇ: ಸ್ಟೀಮ್ ತಾನಾಗಿ ಆಟವನ್ನು ಅಪ್‌ಡೇಟ್ ಮಾಡಿದೆ, ಹಲವು ಮಾಡ್‌ಗಳಿಗೆ ಬೇಕಾದ ಎಸ್‌ಕೆಎಸ್‌ಇ ಎಂಬ ತಂತ್ರಾಂಶ ಹಳೆಯದೇ ಉಳಿದಿದೆ. ಎರಡರ ಆವೃತ್ತಿ ಸಂಖ್ಯೆಯೂ ಹೊಂದಲೇಬೇಕು. ಸ್ಟೀಮ್‌ನಲ್ಲಿ ಆಟವನ್ನು ತೆರೆದಾಗ ಮಾತ್ರ ಅಪ್‌ಡೇಟ್ ಎಂಬ ಆಯ್ಕೆ ಇಟ್ಟು, ಆಟವನ್ನು ಯಾವಾಗಲೂ ಎಸ್‌ಕೆಎಸ್‌ಇ ಲೋಡರ್‌ನಿಂದಲೇ ತೆರೆಯಿರಿ. ಆಟವನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಬೇಡಿ, ವಿಂಡೋಸ್ ಅಲ್ಲಿ ಕಡತ ಬದಲಿಸಲು ಬಿಡುವುದಿಲ್ಲ. ಒಂದು ಸಲಕ್ಕೆ ಒಂದೇ ಮಾಡ್ ಹಾಕಿ, ಹತ್ತು ನಿಮಿಷ ಆಡಿ ನೋಡಿ, ಆಮೇಲೆ ಮುಂದಿನದು. ಆಟದ ನಡುವೆ ಮಾಡ್ ತೆಗೆದರೆ ಅದರ ಚೂರುಗಳು ಸೇವ್‌ನಲ್ಲಿ ಉಳಿದು ಮುಂದೆ ಕಾಡುತ್ತವೆ.

ಕರೆಂಟು ಹೋಗಿ ಸೇವ್ ಹಾಳಾಯ್ತು. ವಾಪಸ್ ಬರತ್ತಾ?

ಅರ್ಧ ಬರೆದ ಸೇವ್ ವಾಪಸ್ ಬರುವುದಿಲ್ಲ, ಅದರ ಹಿಂದಿನದಕ್ಕೇ ಹೋಗಬೇಕು. ಆದ್ದರಿಂದ ಕ್ವಿಕ್ ಸೇವ್ ಒಂದನ್ನೇ ನಂಬಬೇಡಿ, ಅದು ಒಂದೇ ಕಡತದ ಮೇಲೆ ಮತ್ತೆ ಮತ್ತೆ ಬರೆಯುತ್ತದೆ. ಅರ್ಧ ಗಂಟೆಗೊಮ್ಮೆ ಮೆನುವಿಗೆ ಹೋಗಿ ಹೊಸ ಸೇವ್ ಮಾಡಿ, ಹಿಂದಿನ ನಾಲ್ಕನ್ನಾದರೂ ಇಟ್ಟುಕೊಳ್ಳಿ. ಡೆಸ್ಕ್‌ಟಾಪ್ ಇರುವವರಿಗೆ ಯುಪಿಎಸ್ ಬೇಕು. ಸಾಮಾನ್ಯವಾದ 600 ವಿಎ ಯುಪಿಎಸ್ ತಡೆಯುವುದು ಸುಮಾರು 360 ವಾಟ್. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕರೆಂಟು ಹೋದ ಗಳಿಗೆಯಲ್ಲೇ ಅದೂ ಕೈಕೊಡುತ್ತದೆ, 1000 ವಿಎ ತೆಗೆದುಕೊಳ್ಳಿ.

ಕನ್ನಡ ಮೀಡಿಯಮ್‌ನಲ್ಲಿ ಓದಿದವರಿಗೆ ಇಂಗ್ಲಿಷ್ ಕಷ್ಟ ಆಗತ್ತಾ?

ಸ್ಕೈರಿಮ್‌ನಲ್ಲಿ ಮಾತೆಲ್ಲ ಧ್ವನಿಯಲ್ಲಿದೆ. ಸಬ್‌ಟೈಟಲ್ ಆನ್ ಮಾಡಿಕೊಂಡರೆ ಹತ್ತನೇ ತರಗತಿಯ ಇಂಗ್ಲಿಷ್ ಸಾಕು. ಮಾರೋವಿಂಡ್‌ನಲ್ಲಿ ಮಾತು ಬಹುಪಾಲು ಬರಹದಲ್ಲಿದೆ, ಓದಲು ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಬಹುದು. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು ಊರು, ಜನರ ಹೆಸರು ಬರೆದುಕೊಂಡರೆ ವಾರದಲ್ಲಿ ಹಿಡಿತ ಸಿಗುತ್ತದೆ.

ಮಕ್ಕಳಿಗೆ ಕೊಡಬಹುದಾ?

ಅಮೆರಿಕದ ರೇಟಿಂಗ್ ಪ್ರಕಾರ ಸ್ಕೈರಿಮ್, ಅಬ್ಲಿವಿಯನ್ ಎರಡೂ 17 ದಾಟಿದವರಿಗೆ. ಮಾರೋವಿಂಡ್ 13 ದಾಟಿದವರಿಗೆ. ಸ್ಕೈರಿಮ್‌ನಲ್ಲಿ ತಲೆ ಕಡಿಯುವ ದೃಶ್ಯ ಶುರುವಿನಲ್ಲೇ ಬರುತ್ತದೆ.

ಅರೀನಾ, ಡ್ಯಾಗರ್‌ಫಾಲ್ ಎಲ್ಲಿ ಸಿಗುತ್ತೆ?

ಎರಡೂ ಸ್ಟೀಮ್‌ನಲ್ಲಿ ಉಚಿತ. ಅರೀನಾವನ್ನು ಚರಿತ್ರೆಗಾಗಿ ಒಂದು ಸಂಜೆ ನೋಡಿದರೆ ಸಾಕು. ಡ್ಯಾಗರ್‌ಫಾಲ್ ಈಗಲೂ ಆಡಲು ಯೋಗ್ಯ, ಡ್ಯಾಗರ್‌ಫಾಲ್ ಯೂನಿಟಿ ಎಂಬ ಉಚಿತ ರೂಪದಲ್ಲೇ ಆಡಿ. ಕ್ವೆಸ್ಟ್‌ಗಳಿಗೆ ದಿನಗಳ ಗಡುವು ಇರುತ್ತದೆ, ಮೀರಿದರೆ ಹೋಯಿತು.

ಸ್ಕೈರಿಮ್ ಮುಗಿಸಿ ಈಗ ಮಾರೋವಿಂಡ್ ತೆರೀತಿದ್ದೀನಿ. ಮೊದಲ ಒಂದು ಗಂಟೆ ಏನು ಮಾಡಲಿ?

ಹಡಗಿನಿಂದ ಸೇಡಾ ನೀನ್ ಎಂಬ ಬಂದರಿಗೆ ಇಳಿಯುತ್ತೀರಿ. ಕಚೇರಿಯಲ್ಲಿ ಕಾಗದಪತ್ರ ಮುಗಿದ ಮೇಲೆ ಅಂಗಳದ ಪೀಪಾಯಿಯೊಳಗೆ ಒಂದು ಉಂಗುರವಿದೆ, ತೆಗೆದುಕೊಳ್ಳಿ. ಹೊರಡುವಾಗ ಅಧಿಕಾರಿ 87 ನಾಣ್ಯ, ತಲುಪಿಸಬೇಕಾದ ಒಂದು ಪೊಟ್ಟಣ ಕೊಡುತ್ತಾನೆ. ಹೊರಗೆ ಸಿಗುವ ಫಾರ್ಗಾತ್‌ಗೆ ಉಂಗುರ ಹಿಂದಿರುಗಿಸಿದರೆ ಅವನ ಗೆಳೆಯ, ಅಂಗಡಿಯ ಅರಿಲ್, ನಿಮ್ಮನ್ನು ಹೆಚ್ಚು ಇಷ್ಟಪಡುತ್ತಾನೆ, ಸಾಮಾನಿನ ಬೆಲೆಯೂ ಇಳಿಯುತ್ತದೆ. ಅಲ್ಲಿ ನಿಮ್ಮ ಸ್ಕಿಲ್‌ಗೆ ಹೊಂದುವ ಆಯುಧ ಕೊಳ್ಳಿ.

ಆಮೇಲೆ ಸಿಲ್ಟ್ ಸ್ಟ್ರೈಡರ್ ಹತ್ತಿ ಬಾಲ್ಮೋರಾ ಊರಿಗೆ ಹೋಗಿ. ಅಲ್ಲಿ ಕಾಯಸ್ ಕೊಸಾಡಿಸ್‌ಗೆ ಪೊಟ್ಟಣ ತಲುಪಿಸಿದರೆ ಖರ್ಚಿಗೆ 200 ನಾಣ್ಯ ಕೊಟ್ಟು, ಮೊದಲು ಕೆಲಸ ಕಲಿತು ಬಾ ಅನ್ನುತ್ತಾನೆ. ಆ ಮಾತನ್ನು ಕೇಳಿ. ಅದೇ ಊರಿನಲ್ಲಿ ಫೈಟರ್ಸ್ ಗಿಲ್ಡ್, ಮೇಜಸ್ ಗಿಲ್ಡ್ ಅಕ್ಕಪಕ್ಕ ಇವೆ. ಒಂದಕ್ಕೆ ಸೇರಿ, ಸಿಕ್ಕ ನಾಣ್ಯವನ್ನು ಆಯುಧದ ಸ್ಕಿಲ್ ತರಬೇತಿಗೆ ಹಾಕಿ.

ನಡೆದೇ ಹೋಗುವುದಾದರೆ ಸೇಡಾ ನೀನ್ ದಾಟಿ ಸ್ವಲ್ಪ ದೂರದಲ್ಲಿ ಒಬ್ಬ ಮಂತ್ರವಾದಿ ಕಿರುಚುತ್ತಾ ಆಕಾಶದಿಂದ ಬಿದ್ದು ಸಾಯುತ್ತಾನೆ. ಅವನ ಬಳಿ ಮೂರು ಸುರುಳಿಗಳಿವೆ. ಒಂದನ್ನು ಓದಿ ಜಿಗಿದರೆ ಅರ್ಧ ದ್ವೀಪ ದಾಟುವಷ್ಟು ಹಾರುತ್ತೀರಿ. ಅದರ ಶಕ್ತಿ ಇರುವುದು ಏಳೇ ಸೆಕೆಂಡು, ಹಾರಾಟ ಅದಕ್ಕಿಂತ ಉದ್ದ, ಅವನು ಸತ್ತದ್ದು ಇದರಿಂದಲೇ. ಮೊದಲು ಸೇವ್ ಮಾಡಿ, ನೆಲ ಹತ್ತಿರ ಬರುವ ಮುಂಚೆ ಎರಡನೆಯ ಸುರುಳಿ ಓದಿ, ಇಲ್ಲವೇ ನೀರಿನ ಮೇಲೆ ಬೀಳುವ ಹಾಗೆ ದಿಕ್ಕು ನೋಡಿಕೊಂಡು ಜಿಗಿಯಿರಿ.